ಗಣಕದೊಳಗಣ ಬದು

ಮನೆ ಪಾಲಾಗುವುದನ್ನು ಕಾಣದ ಊರಿಲ್ಲ. ಅಣ್ಣತಮ್ಮಂದಿರು ಒಂದೇ ಒಲೆಯ ಅನ್ನವನ್ನು ಉಂಡ ಮನೆಯಲ್ಲಿ ಒಂದು ದಿನ ಪಾಲುಪಾರೀಕತ್ತಿನ ಮಾತು ಹುಟ್ಟುವುದು, ಮೋಜಣಿದಾರನು ಬರುವನು, ಬಾಂದುಕಲ್ಲುಗಳು ನೆಲಕ್ಕಿಳಿಯುವುವು, ಪೋಡಿಯಾಗಿ ಪಹಣಿಯಲ್ಲಿ ಹೆಸರುಗಳು ಬೇರೆಬೇರೆಯಾಗುವುವು. ಹೀಗೆ ಪಾಲುಮಾಡುವ ಧರ್ಮವನ್ನು ಭರತಖಂಡದ ಬಹುಭಾಗಕ್ಕೆ ಕಲಿಸಿದ ಗ್ರಂಥವು ಕನ್ನಡ ನೆಲದಲ್ಲಿಯೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಕ್ರಿ.ಶ. ೧೦೭೬ರಿಂದ ೧೧೨೬ರವರೆಗೆ ಆಳಿದ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯೆಂಬ ವ್ಯಾಖ್ಯಾನವೇ ಅದು. ಬಂಗಾಳದ ಕಡೆಯವರು ಜೀಮೂತವಾಹನನ ದಾಯಭಾಗವನ್ನು ಹಿಡಿದರು. ಉಳಿದ ದೇಶವು ಬಹುಮಟ್ಟಿಗೆ ವಿಜ್ಞಾನೇಶ್ವರನ ಮಾತಿಗೆ ತಲೆಬಾಗಿತು.

ಆದರೆ ವಾಚಕರೆ, ಈ ತಿಂಗಳು ನಾವು ಹೇಳಹೊರಟಿರುವುದು ಹೊಲದ ಪಾಲನ್ನಲ್ಲ; ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರದ ಹಾರ್ಡ್ ಡಿಸ್ಕಿನ ಪಾಲನ್ನು. ಇದಕ್ಕೆ ಜನರು ಪಾರ್ಟಿಷನ್ ಎಂದೇ ಹೇಳುವರು. ಇದು ಹುಡುಗರ ವಿದ್ಯೆ, ಗೃಹಸ್ಥರಿಗೇತಕ್ಕೆ ಎಂದು ಯಾರೂ ಪುಟವನ್ನು ಮಗುಚಬಾರದು. ಹಿಂದೆ ಪೆಟ್ಟಿಗೆಯಲ್ಲಿ ಇರುತ್ತಿದ್ದ ಕಾಗದಪತ್ರ, ಮದುವೆಯ ಚಿತ್ರ, ತೋಟದ ಲೆಕ್ಕ, ಹಿರಿಯರ ದನಿ ಇವೆಲ್ಲವೂ ಈಗ ಆ ಡಿಸ್ಕಿನಲ್ಲಿಯೇ ಇವೆ. ಅದರ ಬದುವನ್ನು ಸರಿಸುವ ಕೈ ತಪ್ಪಿದರೆ ನಷ್ಟವು ಹುಡುಗರದಲ್ಲ, ಮನೆಯದು.

ಒಂದೇ ಯಂತ್ರದಲ್ಲಿ ಎರಡು ಸಂಸಾರಗಳೇತಕ್ಕೆ ಎಂದು ಕೇಳುವವರು ಉಂಟು. ಕಾರಣಗಳು ಸಹಜವಾದುವೇ. ಕನ್ನಡ ಗಣಕ ಪರಿಷತ್ತಿನವರ ನುಡಿ, ೧೯೯೮ರಲ್ಲಿ ಬಂದ ಬರಹ, ಇವು ವಿಂಡೋಸನ್ನು ನೆಚ್ಚಿ ಬೆಳೆದುವಾದ ಕಾರಣ ಕನ್ನಡದಲ್ಲಿ ಬೆರಳಚ್ಚು ಮಾಡುವ ಮನೆಗಳಲ್ಲಿ ವಿಂಡೋಸು ಬೇರೂರಿತು. ಅಂಗಡಿಯ ಲೆಕ್ಕವೂ ಬಹುಮಟ್ಟಿಗೆ ಅದರಲ್ಲಿಯೇ. ಇತ್ತ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಲಿನಕ್ಸ್ ಬೇಕು. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿಯೋ, ಕೇರಳದ ಪದ್ಧತಿಯಂತೆ, ಮಕ್ಕಳು ಲಿನಕ್ಸಿನಲ್ಲಿಯೇ ಅಕ್ಷರ ತಿದ್ದುವರು. ಇದರ ಮೇಲೆ ೨೦೨೫ನೆಯ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ೧೧ಕ್ಕೆ ಏರಲಾರದ ಹಳೆಯ ಯಂತ್ರಗಳನ್ನು ಬಿಸಾಡಲು ಮನಸ್ಸು ಬಾರದವರು ಅದರ ಪಕ್ಕದಲ್ಲಿ ಲಿನಕ್ಸನ್ನು ಇರಿಸಿಕೊಳ್ಳುತ್ತಿದ್ದಾರೆ. ಯಂತ್ರವನ್ನು ಹೊತ್ತಿಸಿದೊಡನೆ ಗ್ರಬ್ ಎಂಬ ದ್ವಾರಪಾಲಕನು ಯಾರ ಮನೆಗೆ ಹೋಗುವಿರೆಂದು ಕೇಳುವನು. ನಾವು ಹೇಳಿದತ್ತ ಬಾಗಿಲು ತೆರೆಯುವನು.

ಇನ್ನು ಪಾಲಿನ ಸ್ವರೂಪವನ್ನು ನೋಡೋಣ. ಡಿಸ್ಕಿನೊಳಗೆ ನಿಜವಾದ ಗೋಡೆಯೊಂದೂ ಇಲ್ಲ. ಅದರ ಮೊದಲಲ್ಲಿ ಒಂದು ಸಣ್ಣ ಪಟ್ಟಿ ಇರುವುದು; ಇಂಥ ಭಾಗವು ಇಲ್ಲಿಂದ ಇಲ್ಲಿಯವರೆಗೆ ಎಂದು ಅದರಲ್ಲಿ ಬರೆದಿರುವುದು. ಅದೇ ಡಿಸ್ಕಿನ ಪಹಣಿ. ೧೯೮೩ರಲ್ಲಿ ಐಬಿಎಮ್ಮಿನವರು ೧೦ ಮೆಗಾಬೈಟ್ ಡಿಸ್ಕುಳ್ಳ ಎಕ್ಸ್‌ಟಿ ಎಂಬ ಯಂತ್ರವನ್ನು ಹೊರತಂದ ಕಾಲದಿಂದ ಬಂದ ಹಳೆಯ ಪದ್ಧತಿಯಲ್ಲಿ ಈ ಪಹಣಿಗೆ ದೊರೆತ ಜಾಗ ೬೪ ಬೈಟ್ ಮಾತ್ರ. ಒಂದು ಭಾಗದ ವಿವರಕ್ಕೆ ೧೬ ಬೈಟಿನಂತೆ ನಾಲ್ಕೇ ಮುಖ್ಯ ಭಾಗಗಳು. ಅದಕ್ಕೆ ಎಂಬಿಆರ್ ಎಂದು ಹೆಸರು. ಈಗಿನ ಯಂತ್ರಗಳಲ್ಲಿರುವ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ ೧೨೮ ಭಾಗಗಳಿಗೆ ಎಡೆಯುಂಟು. ಅಲ್ಲದೆ ಪಹಣಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿಯೂ ಇರುವುದು. ತಾಲ್ಲೂಕು ಕಚೇರಿಯ ಕಡತಕ್ಕೆ ಗೆದ್ದಲು ಹಿಡಿದರೂ ಇನ್ನೊಂದೆಡೆ ನಕಲು ಸಿಕ್ಕುವಂತೆ ಇದು ಒಳ್ಳೆಯ ಏರ್ಪಾಡು. ಆದರೆ ಮನಸ್ಸಿನಲ್ಲಿಡತಕ್ಕ ಮಾತು ಒಂದುಂಟು. ನಕಲು ಇರುವುದು ಪಹಣಿಗೆ, ಬೆಳೆಗಲ್ಲ. ಗಡಿಯನ್ನು ಮತ್ತೆ ಬರೆಯಬಹುದು. ಗಡಿಯೊಳಗೆ ಇದ್ದುದನ್ನು ನಾವೇ ಬೇರೆಡೆ ನಕಲಿಸಿಡದಿದ್ದರೆ ಯಾರೂ ತಂದುಕೊಡಲಾರರು.

ಈ ಮಾತನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ೨೦೧೭ರ ಮೇ ತಿಂಗಳ ಒಂದು ಸಂಜೆ, ತುಮಕೂರಿನ ನಮ್ಮ ಮನೆಯಲ್ಲಿಯೇ ಕಲಿತೆವು. ನಮ್ಮ ತಾಯಿಯವರು ಹಳೆಯ ಸಂಪ್ರದಾಯದ ಹಾಡುಗಳನ್ನು ಬಹಳ ಬಲ್ಲವರು. ಅವರ ಕೊನೆಯ ಎರಡು ವರ್ಷಗಳಲ್ಲಿ ಆರತಿಯ ಹಾಡು, ತೊಟ್ಟಿಲ ಹಾಡು, ಬೀಗರ ಹಾಡು ಎಂದು ನಲವತ್ತಮೂರು ಹಾಡುಗಳನ್ನು ನಾವು ಮೊಬೈಲಿನಲ್ಲಿ ಹಿಡಿದಿದ್ದೆವು. ಅವುಗಳನ್ನು ಗಣಕಕ್ಕೆ ಇಳಿಸಿ, ಹಳೆಯ ಮೊಬೈಲನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಂದೆವು. ಹಾಡುಗಳಿದ್ದುದು ಲಿನಕ್ಸಿನ ಭಾಗದಲ್ಲಿ. ಅದಕ್ಕೆ ಜಾಗ ಸಾಲದಾಯಿತು. ಎಡಗಡೆಯ ಭಾಗದಲ್ಲಿ ಬರಿದಾದ ಜಾಗವಿತ್ತು. ಎಡಗಡೆಯದನ್ನು ಕುಗ್ಗಿಸಿ ಬಲಗಡೆಯದನ್ನು ಎಡಕ್ಕೆ ಹಿಗ್ಗಿಸಿದರಾಯಿತೆಂದು ಸಂಜೆ ಐದಕ್ಕೆ ಕುಳಿತೆವು. ಎರಡು ಗಂಟೆ ಹಿಡಿಯುವುದೆಂದು ತೆರೆಯು ತೋರಿಸಿತು. ನಾವು ಕಾಫಿ ಕುಡಿಯಲು ಎದ್ದೆವು. ಆರೂಕಾಲಿಗೆ ಗುಡುಗುಸಹಿತ ಮಳೆ ಬಂದಿತು, ವಿದ್ಯುತ್ತು ಹೋಯಿತು. ಯುಪಿಎಸ್ಸಿನ ಬ್ಯಾಟರಿಯು ಹಳೆಯದು. ನಾಲ್ಕು ನಿಮಿಷ ಕೂಗಿ ಸುಮ್ಮನಾಯಿತು.

ಮತ್ತೆ ದೀಪ ಬಂದಾಗ ಆ ಭಾಗವು ಅರ್ಧ ಹೊಸ ಮನೆಯಲ್ಲಿ, ಅರ್ಧ ಹಳೆಯ ಮನೆಯಲ್ಲಿ ಚೆಲ್ಲಿಹೋಗಿತ್ತು. ಫೋಟೋರೆಕ್ ಎಂಬ ಸಾಧನದಿಂದ ಮೂರು ದಿನ ಹೆಕ್ಕಿದೆವು. ಅದು ಕಡತದ ಹೆಸರನ್ನು ನೋಡದೆ ಒಳಗಿನ ಗುರುತನ್ನು ಹಿಡಿದು ಚೂರುಗಳನ್ನು ಆಯ್ದು ಕೊಡತಕ್ಕದ್ದು. ನಲವತ್ತಮೂರರಲ್ಲಿ ಹನ್ನೊಂದು ಹಾಡುಗಳು ದೊರೆತುವು. ಹೆಸರುಗಳೆಲ್ಲ ಹೋಗಿ ಬರಿಯ ಅಂಕೆಗಳಾಗಿದ್ದುವು. ಯಾರನ್ನು ದೂರೋಣ? ಮಳೆಯನ್ನೆ? ತಪ್ಪು ನಮ್ಮದು. ಸಾವಿರಾರು ಮಕ್ಕಳಿಗೆ ‘ಬರೆದುದನ್ನು ಇನ್ನೊಮ್ಮೆ ನೋಡಿ’ ಎಂದು ಹೇಳಿದ ಮೇಷ್ಟರು ತಾವು ಮಾತ್ರ ಒಂದೇ ಪ್ರತಿಯನ್ನು ನೆಚ್ಚಿ ಕುಳಿತಿದ್ದರು.

ಅಸ್ತು. ಈಚೆಗೆ ಗುಬ್ಬಿಯಿಂದ ನಮ್ಮ ಹಳೆಯ ಶಿಷ್ಯನೊಬ್ಬನು ಬಂದನು. ಗುಬ್ಬಿ ನಮ್ಮಲ್ಲಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಈತನಿಗೆ ಅಲ್ಲಿ ಅಡಕೆ ತೆಂಗಿನ ತೋಟವಿದೆ.

“ಮೇಷ್ಟ್ರೇ, ಮಗಳು ಲಿನಕ್ಸಿಗೆ ಜಾಗ ಸಾಲದು ಅಂತಾಳೆ. ಡಿ ಡ್ರೈವು ಅರ್ಧಕ್ಕರ್ಧ ಖಾಲಿ ಬಿದ್ದಿದೆ. ಆದರೆ ತೋಟದ ಲೆಕ್ಕವೂ ನಮ್ಮಮ್ಮನ ಸೋಬಾನೆ ಪದಗಳೂ ಅದರಲ್ಲೇ ಇವೆ. ತಾವೊಂದು ಸಾರಿ ಬಂದು ನೋಡಿದರೆ ನನಗೆ ಧೈರ್ಯ” ಎಂದನು.

ಸೋಬಾನೆ ಪದವೆಂದ ಮಾತ್ರಕ್ಕೆ ನಾವು ಎದ್ದು ನಿಂತೆವೆಂದು ಬೇರೆ ಹೇಳಬೇಕಾಗಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟೆವು. ಬೆಳಗ್ಗೆಯೇ ಹೊರಟುದಕ್ಕೆ ಕಾರಣವುಂಟು: ಇಂಥ ಕೆಲಸವನ್ನು ಸಂಜೆ ಹಿಡಿಯತಕ್ಕುದಲ್ಲ, ಮಳೆಯ ಮೋಡವನ್ನು ಕಂಡರಂತೂ ಮುಂದೂಡತಕ್ಕದ್ದು.

ಗುಬ್ಬಿಯ ಮನೆಯಲ್ಲಿ ನಾವು ಮೊದಲು ಯಂತ್ರವನ್ನು ಮುಟ್ಟಲಿಲ್ಲ. ಕಾಗದ ಪೆನ್ಸಿಲುಗಳನ್ನು ಕೇಳಿದೆವು. ಡಿಸ್ಕಿನ ನಕ್ಷೆಯನ್ನು ಎಡದಿಂದ ಬಲಕ್ಕೆ ಬರೆದೆವು. ಮೊದಲಿಗೆ ಇಎಫ್‌ಐ ಎಂಬ ಸಣ್ಣ ಭಾಗ, ೧೦೦ ಮೆಗಾಬೈಟಿನದು. ಎಲ್ಲ ಬಾಗಿಲುಗಳ ಬೀಗದ ಕೈಗೊಂಚಲು ಅಲ್ಲಿರುವುದರಿಂದ ಅದನ್ನು ಮುಟ್ಟಲೇಬಾರದು. ಅನಂತರ ಸಿ ಡ್ರೈವು ಸುಮಾರು ೩೦೦ ಜಿಬಿ, ಡಿ ಡ್ರೈವು ಸುಮಾರು ೬೦೦, ಬಲತುದಿಯಲ್ಲಿ ಲಿನಕ್ಸಿಗೆ ೩೦. ಒಂದು ಟಿಬಿಯೆಂದು ಕೊಂಡ ಡಿಸ್ಕು ವಿಂಡೋಸಿನಲ್ಲಿ ೯೩೧ ಜಿಬಿ ಎಂದು ತೋರುವುದನ್ನು ಕಂಡು ಅಂಗಡಿಯವನು ಮೋಸಮಾಡಿದನೆಂದು ಶಿಷ್ಯನು ಬಹುದಿನದಿಂದ ನಂಬಿದ್ದನು. ಮೋಸವಲ್ಲ, ಮಾಡಿದವರು ಸಾವಿರದ ಲೆಕ್ಕದಲ್ಲಿ ಅಳೆಯುವರು, ವಿಂಡೋಸು ೧೦೨೪ರ ಲೆಕ್ಕದಲ್ಲಿ ಅಳೆಯುವುದು. ಕೊಳಗ ಬೇರೆಯಾದರೆ ರಾಶಿಯ ಲೆಕ್ಕವೂ ಬೇರೆ. ಎರಡು ಸಾಧನಗಳು ಎರಡು ಅಂಕೆಗಳನ್ನು ತೋರಿಸಿದರೆ ಗಾಬರಿಗೊಳ್ಳದೆ ಭಾಗಗಳ ಕ್ರಮವನ್ನು ನೋಡಿ ಗುರುತಿಸಬೇಕು. ನಕ್ಷೆ ಬೇಕಾಗುವುದು ಅದಕ್ಕಾಗಿಯೇ.

ಎರಡನೆಯ ಕೆಲಸ ನಕಲು. ಹೊರಗಿನಿಂದ ಜೋಡಿಸುವ ಬೇರೊಂದು ಡಿಸ್ಕಿಗೆ ಬೇಕಾದುದೆಲ್ಲವನ್ನೂ ನಕಲಿಸಿದೆವು. ಅದೇ ಡಿಸ್ಕಿನ ಇನ್ನೊಂದು ಭಾಗಕ್ಕೆ ನಕಲಿಸುವುದು ನಕಲೇ ಅಲ್ಲ; ಅದು ಒಡವೆಯನ್ನು ಅದೇ ಮನೆಯ ಇನ್ನೊಂದು ಕೋಣೆಗೆ ಸಾಗಿಸಿದಂತೆ. ನಕಲಾಯಿತೆಂದು ತೆರೆಯು ಹೇಳಿದರೆ ಸಾಲದು, ತೆರೆದು ನೋಡತಕ್ಕದ್ದು. ಡಿಸ್ಕನ್ನು ಬಿಚ್ಚಿ ಮನೆಯ ಇನ್ನೊಂದು ಲ್ಯಾಪ್‌ಟಾಪಿಗೆ ಜೋಡಿಸಿ, ಲೆಕ್ಕದ ಕಡತವೊಂದನ್ನೂ ಸೋಬಾನೆ ಪದವೊಂದನ್ನೂ ತೆರೆದೆವು. ಅಡುಗೆಮನೆಯಿಂದ ಶಿಷ್ಯನ ತಾಯಿಯವರು ಹೊರಗೆ ಬಂದು, “ಯಾರು ಹಾಡ್ತಿರೋದು?” ಎಂದು ಕೇಳಿದರು. “ನೀನೇ ಕಣಮ್ಮ” ಎಂದನು ಮಗನು. ಅವರು ಬಾಗಿಲಿಗೆ ಒರಗಿ ಕಡೆಯವರೆಗೆ ಕೇಳಿ, “ಮೂರನೇ ನುಡಿ ಬಿಟ್ಟುಹೋಗಿದೆ” ಎಂದು ಹೇಳಿ ಒಳಗೆ ಹೋದರು. ನಕಲನ್ನು ಪರೀಕ್ಷಿಸುವುದೆಂದರೆ ಇದೇ.

ಮೂರನೆಯದಾಗಿ ವಿಂಡೋಸಿನ ಎರಡು ಗುಟ್ಟುಗಳನ್ನು ತಿಳಿಯಬೇಕು. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಯಂತ್ರವನ್ನು ಆರಿಸಿದೆವೆಂದು ನಾವು ತಿಳಿದಿದ್ದರೂ ವಿಂಡೋಸು ಪೂರ್ತಿ ಮಲಗದೆ, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ರೆಯಲ್ಲಿರುವುದು. ಆ ಹೊತ್ತಿನಲ್ಲಿ ಅದರ ಭಾಗವನ್ನು ಲಿನಕ್ಸಿನ ಕಡೆಯಿಂದ ತಿದ್ದಹೋದರೆ ಎದ್ದಾಗ ಅದಕ್ಕೆ ತನ್ನ ಮನೆಯೇ ಗುರುತಾಗದು. ಆದುದರಿಂದ ಪವರ್ ಆಪ್ಷನ್ಸಿಗೆ ಹೋಗಿ ಅದನ್ನು ತೆಗೆದುಹಾಕತಕ್ಕದ್ದು.

ಎರಡನೆಯ ಗುಟ್ಟು ಬಿಟ್‌ಲಾಕರ್. ಇದನ್ನು ನಾವು ತಿಳಿದುದು ಕುಣಿಗಲಿನಲ್ಲಿರುವ ನಮ್ಮ ಷಡ್ಡಕರ ಮನೆಯ ಪ್ರಸಂಗದಿಂದ. ಅವರ ಮಗನು ಹೊಸ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಕೂಡಿಸಲು ಬೂಟ್ ಏರ್ಪಾಡನ್ನು ತಿದ್ದಿದನು. ಮಾರನೆಯ ಬೆಳಗ್ಗೆ ನೀಲಿಯ ತೆರೆಯೊಂದು ಎದ್ದು ೪೮ ಅಂಕೆಗಳ ಬೀಗದಕೈಯನ್ನು ಕೇಳಿತು. ಬೀಗ ಹಾಕಿದವರಾರೆಂದೇ ಮನೆಯವರಿಗೆ ತಿಳಿಯದು. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಕೊಂಡವರ ಅರಿವಿಗೆ ಬಾರದೆಯೇ ಡಿಸ್ಕು ಗೂಢಲಿಪಿಯಲ್ಲಿರುವುದು. ಷಡ್ಡಕರು ರಾತ್ರಿ ನಮಗೆ ಫೋನು ಮಾಡಿ, “ಭಾವ, ಎಲ್ಲಾ ಹೋಯಿತು ಅಂತಲೇ ತಿಳಿಯೋಣವೆ?” ಎಂದರು. ದೈವಯೋಗದಿಂದ ಲ್ಯಾಪ್‌ಟಾಪನ್ನು ಮೊದಲು ತೆರೆದಾಗ ಹುಡುಗನು ಕೊಟ್ಟಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಅಂಕೆಗಳು ಉಳಿದಿದ್ದುವು. ಮೊಬೈಲಿನಿಂದ ನೋಡಿ ಬರೆದುಕೊಂಡು ಬಾಗಿಲು ತೆರೆದರು. ಆದುದರಿಂದ ಬದುವನ್ನು ಮುಟ್ಟುವ ಮೊದಲು ಬಿಟ್‌ಲಾಕರ್ ಇದೆಯೆ ಎಂದು ನೋಡಿ, ೪೮ ಅಂಕೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು; ಪೂರ್ಣವಾಗಿ ಬಿಡಿಸಿದರೆ ಇನ್ನೂ ಉತ್ತಮ.

ಕುಣಿಗಲೆಂದಾಗ ಅಲ್ಲಿನ ದೊಡ್ಡಕೆರೆ ನೆನಪಾಗುವುದು. ಕ್ರಮದ ವಿಷಯದಲ್ಲಿ ಕೆರೆಯೇ ನಮಗೆ ಗುರು. ಕೆರೆಯ ಅಂಗಳವನ್ನು ಕಿರಿದುಮಾಡಬೇಕಾದರೆ ಮೊದಲು ತೂಬೆತ್ತಿ ನೀರನ್ನು ತಗ್ಗಿಸಿ, ಅನಂತರ ಏರಿಯನ್ನು ಒಳಕ್ಕೆ ತರಬೇಕು. ಹಿರಿದುಮಾಡಬೇಕಾದರೆ ಮೊದಲು ಏರಿಯನ್ನು ಹೊರಕ್ಕೆ ಒಯ್ದು, ಅನಂತರ ನೀರನ್ನು ಹರಿಯಬಿಡಬೇಕು. ಡಿಸ್ಕಿನಲ್ಲಿ ನೀರೆಂದರೆ ಕಡತಗಳನ್ನು ಹಿಡಿದಿರುವ ಫೈಲ್ ಸಿಸ್ಟಮ್; ಏರಿಯೆಂದರೆ ಪಾರ್ಟಿಷನ್. ಕುಗ್ಗಿಸುವಾಗ ಫೈಲ್ ಸಿಸ್ಟಮ್ ಮೊದಲು, ಪಾರ್ಟಿಷನ್ ಆಮೇಲೆ. ಹಿಗ್ಗಿಸುವಾಗ ಪಾರ್ಟಿಷನ್ ಮೊದಲು, ಫೈಲ್ ಸಿಸ್ಟಮ್ ಆಮೇಲೆ. ಜಿಪಾರ್ಟೆಡ್ ಮೊದಲಾದ ಸಾಧನಗಳು ಈ ಕ್ರಮವನ್ನು ತಾವೇ ಪಾಲಿಸುವುವು. ಕೈಯಿಂದ ಆಜ್ಞೆಗಳನ್ನು ಬರೆಯುವವರು ಮಾತ್ರ ಮರೆಯಬಾರದು. ಎಲ್ಲ ಕೆರೆಗಳೂ ಕಿರಿದಾಗಲೊಲ್ಲವು: ಲಿನಕ್ಸಿನ ಇಎಕ್ಸ್‌ಟಿ೪ ಎಂಬುದನ್ನು ಕುಗ್ಗಿಸಬಹುದು, ಎಕ್ಸ್‌ಎಫ್‌ಎಸ್ ಎಂಬುದನ್ನು ಹಿಗ್ಗಿಸಬಹುದಲ್ಲದೆ ಕುಗ್ಗಿಸುವಂತಿಲ್ಲ.

ಅವರವರ ಭಾಗವನ್ನು ಅವರವರ ಸಾಧನದಿಂದಲೇ ತಿದ್ದುವುದು ಕ್ಷೇಮ. ಡಿ ಡ್ರೈವು ವಿಂಡೋಸಿನದು. ಆದುದರಿಂದ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿಯೇ ಅದನ್ನು ಬಲತುದಿಯಿಂದ ೮೦ ಜಿಬಿ ಕುಗ್ಗಿಸಿದೆವು. ಕೆಲವು ಯಂತ್ರಗಳಲ್ಲಿ ಜಾಗ ಬೇಕಾದಷ್ಟು ಬರಿದಾಗಿದ್ದರೂ ಇಷ್ಟೇ ಕುಗ್ಗಬಲ್ಲುದೆಂದು ವಿಂಡೋಸು ಹಟ ಹಿಡಿಯುವುದು. ಕದಲಿಸಲಾಗದ ಕಡತವೊಂದು ನಡುವೆ ಕುಳಿತಿರುವುದೇ ಕಾರಣ. ಆಗ ಬಲವಂತಮಾಡದೆ ಕೊಟ್ಟಷ್ಟನ್ನು ತೆಗೆದುಕೊಳ್ಳಬೇಕು. ಲಿನಕ್ಸಿನ ಭಾಗವನ್ನು ತಿದ್ದಬೇಕಾದರೆ ಪೆನ್‌ಡ್ರೈವಿನಿಂದ ಬೇರೊಂದು ಲಿನಕ್ಸನ್ನು ಎಬ್ಬಿಸಿಕೊಂಡು ತಿದ್ದುವುದು ಪದ್ಧತಿ. ಕುಳಿತ ಕೊಂಬೆಯನ್ನೇ ಕಡಿದನೆಂದು ಕಾಳಿದಾಸನ ಮೇಲೆ ಜನರು ಕಟ್ಟಿದ ಕಥೆಯನ್ನು ಬಲ್ಲವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಡಿ ಡ್ರೈವಿಗೂ ಲಿನಕ್ಸಿಗೂ ನಡುವೆ ೮೦ ಜಿಬಿ ಬಯಲು ಬಿದ್ದಿತು. ಮಗಳು ಉತ್ಸಾಹದಿಂದ, “ಇನ್ನೇನು ತಾತ, ಜಿಪಾರ್ಟೆಡ್‌ನಲ್ಲಿ ಲಿನಕ್ಸಿನ ಅಂಚನ್ನು ಹಿಡಿದು ಎಡಕ್ಕೆ ಎಳೆದರೆ ಆಯಿತಲ್ಲ?” ಎಂದಳು.

“ನೀನು ಎಳೆಯುವುದು ಚಿತ್ರವನ್ನು, ತಾಯಿ. ಒಳಗೆ ಸಾಗುವುದು ಮನೆಯ ಸಾಮಾನೆಲ್ಲ” ಎಂದೆವು.

ಇದೇ ಈ ವಿದ್ಯೆಯ ಮರ್ಮ. ಒಂದು ಭಾಗವು ಬಲಕ್ಕೆ ಬೆಳೆದರೆ ಅದರ ಮೊದಲು ಕದಲುವುದಿಲ್ಲ. ಕಡೆಯ ಬಾಂದುಕಲ್ಲು ಮಾತ್ರ ಮುಂದೆ ಹೋಗುವುದು. ಕೆಲಸವು ಕ್ಷಣಗಳಲ್ಲಿ ಮುಗಿಯುವುದು. ಎಡಕ್ಕೆ ಬೆಳೆಯಬೇಕಾದರೆ ಮೊದಲೇ ಸರಿಯಬೇಕು. ಒಳಗಿನ ಪ್ರತಿಯೊಂದೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಬೇಕು. ಆ ನಡುವೆ ವಿದ್ಯುತ್ತು ಹೋದರೆ ನಮ್ಮ ಮೇ ತಿಂಗಳ ಸಂಜೆಯೇ. ಯಾವ ಬದುವನ್ನೂ ಕೀಳದೆ ಕಾರ್ಯಸಾಧನೆಯಾಗುವುದಾದರೆ ಅದೇ ಉತ್ತಮ ಮಾರ್ಗ. ಆದುದರಿಂದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಆ ಬಯಲಿನಲ್ಲಿ ೮೦ ಜಿಬಿಯ ಹೊಸ ಭಾಗವೊಂದನ್ನು ಇಎಕ್ಸ್‌ಟಿ೪ ಆಗಿ ಕಟ್ಟಿ, ಮಗಳ ಪಾಠದ ಕೆಲಸಗಳನ್ನೆಲ್ಲ ಅಲ್ಲಿಗೆ ಸಾಗಿಸಿದೆವು. ಹಳೆಯ ೩೦ ಜಿಬಿಯು ಅರ್ಧ ಬರಿದಾಯಿತು. ಹೊಲ ಎರಡು ತುಂಡಾಯಿತೆಂದು ಮಗಳು ಸ್ವಲ್ಪ ಮುಖ ಸಣ್ಣಗೆ ಮಾಡಿದಳು. ಆದರೆ ನಮ್ಮ ಹನ್ನೊಂದು ಹಾಡುಗಳ ಕಥೆಯನ್ನು ಕೇಳಿದ ಮೇಲೆ ಸುಮ್ಮನಾದಳು.

ಇನ್ನೆರಡು ಎಚ್ಚರಿಕೆಗಳು. ಪ್ರತಿ ಭಾಗಕ್ಕೂ ಹುಟ್ಟುವಾಗಲೇ ಯುಯುಐಡಿ ಎಂಬ ಉದ್ದವಾದ ಗುರುತು ದೊರೆಯುವುದು. ಲಿನಕ್ಸು ತನ್ನ ಭಾಗಗಳನ್ನು ಸಾಮಾನ್ಯವಾಗಿ ಅದರಿಂದಲೇ ಹುಡುಕುವುದು. ಹಿಗ್ಗಿಸಿದರೆ ಕುಗ್ಗಿಸಿದರೆ ಗುರುತು ಹಾಗೆಯೇ ಉಳಿಯುವುದು. ಅಳಿಸಿ ಹೊಸದಾಗಿ ಕಟ್ಟಿದರೆ ಬದಲಾಗುವುದು, ಬಾಗಿಲಲ್ಲಿ ಗ್ರಬ್ಬು ದಾರಿಗಾಣದೆ ನಿಲ್ಲಬಹುದು. ಆದುದರಿಂದ ತಿದ್ದಬೇಕಾದೆಡೆಯಲ್ಲಿ ಅಳಿಸಬಾರದು. ಮತ್ತೊಂದು: ಲಿನಕ್ಸಿನ ಭಾಗವನ್ನು ವಿಂಡೋಸು ಓದಲಾರದು. ಕೆಲವೊಮ್ಮೆ ‘ಇದನ್ನು ಫಾರ್ಮ್ಯಾಟ್ ಮಾಡಲೆ?’ ಎಂದು ಬಹು ವಿನಯದಿಂದ ಕೇಳುವುದು. ಆಗ ಬೇಡವೆಂದೇ ಹೇಳತಕ್ಕದ್ದು. ಓದಲು ಬಾರದವನು ತಾಳೆಯೋಲೆಯನ್ನು ಸೌದೆಯೆಂದು ತಿಳಿದು ಒಲೆಗೆ ಒಡ್ಡಿದಂತಾದೀತು.

ಇಷ್ಟಾಗಿಯೂ ಅನಾಹುತವಾದರೆ ಮೊದಲು ಕೈಯನ್ನು ತೆಗೆಯಬೇಕು. ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬಾರದು. ಗಡಿ ಮಾತ್ರ ಅಳಿಸಿಹೋಗಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಸಾಧನವು ಡಿಸ್ಕನ್ನು ಶೋಧಿಸಿ ಹಳೆಯ ಬಾಂದುಕಲ್ಲುಗಳನ್ನು ಕಂಡುಹಿಡಿದು ಪಹಣಿಯನ್ನು ಅನೇಕವೇಳೆ ಮತ್ತೆ ಬರೆಯಬಲ್ಲುದು. ಒಳಗಿನದೇ ಚೆಲ್ಲಿದ್ದರೆ ಫೋಟೋರೆಕ್ಕು ಹೆಕ್ಕಿದಷ್ಟೇ ಲಾಭ. ಇವೆರಡೂ ವೆಚ್ಚವಿಲ್ಲದೆ ದೊರೆಯುವುವು. ಆದರೂ ಇವನ್ನು ನಂಬಿ ನಕಲನ್ನು ಬಿಡುವುದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯಿತು. ವಿಂಡೋಸನ್ನು ಒಮ್ಮೆ, ಲಿನಕ್ಸನ್ನು ಒಮ್ಮೆ ಎಬ್ಬಿಸಿ ನೋಡಿ, ಬರೆದ ನಕ್ಷೆಯನ್ನು ತಿದ್ದಿ ತಾರೀಖು ಹಾಕಿ ಯಂತ್ರದ ಪಕ್ಕದಲ್ಲಿ ಅಂಟಿಸಿದೆವು. ನಕಲಿನ ಡಿಸ್ಕನ್ನು ಬೀರುವಿನಲ್ಲಿಡಲು ಹೇಳಿದೆವು. ಹೊರಡುವಾಗ ಶಿಷ್ಯನ ತಾಯಿಯವರು ತಾಂಬೂಲದೊಡನೆ ತೆಂಗಿನಕಾಯಿ ಕೊಟ್ಟು, “ಆ ಮೂರನೇ ನುಡಿ ಸೇರಿಸಿ ಇನ್ನೊಂದು ಸಾರಿ ಹಾಡಿಬಿಡಲೇನು ಮೇಷ್ಟ್ರೇ? ಇದಕ್ಕೆ ಜಾಗ ಇದೆಯೋ?” ಎಂದು ಕೇಳಿದರು.

“ಜಾಗಕ್ಕೇನಮ್ಮ, ಬೇಕಾದಷ್ಟಿದೆ. ತಾವು ಈವತ್ತೇ ಹಾಡಿ” ಎಂದೆವು.

ಅವರು ಚಾಪೆಯ ಮೇಲೆ ಕುಳಿತು ಹಾಡಿದರು. ಮಗಳು ಮೊಬೈಲಿನಲ್ಲಿ ಹಿಡಿದು, ನಾವು ಹೇಳುವ ಮೊದಲೇ ಎರಡು ಕಡೆ ನಕಲಿಸಿದಳು. ಆ ದಿನದ ಪಾಠವು ನಾಟಿತೆಂದು ನಾವು ತಿಳಿದುಕೊಂಡೆವು. ನಾಲ್ಕರ ಬಸ್ಸು ತಪ್ಪಿದುದಕ್ಕೆ ವಿಷಾದವಾಗಲಿಲ್ಲ.